ಆರು ತಂತಿ, ಹನ್ನೆರಡು ಎಣಿಕೆ

ಕ್ರಿ.ಶ. 1611ರಲ್ಲಿ ಸ್ಪೇನ್ ದೇಶದ ಸೆಬಾಸ್ತಿಯನ್ ದೆ ಕೊವರ್ರೂಬಿಯಾಸ್ ಎಂಬ ಪಾದ್ರಿ ತನ್ನ ಭಾಷೆಗೆ ದೊಡ್ಡದೊಂದು ನಿಘಂಟನ್ನು ಬರೆದು ಅಚ್ಚು ಹಾಕಿಸಿದ. ನಿಘಂಟುಕಾರರು ಸಾಮಾನ್ಯವಾಗಿ ಸಮಾಧಾನಿಗಳು. ಇಲ್ಲದಿದ್ದರೆ ಆ ಕೆಲಸ ಮುಗಿಯುವಂತಿಲ್ಲ. ಆದರೆ 'ವಿಹುವೇಲ' ಎಂಬ ಮಾತಿಗೆ ಅರ್ಥ ಹೇಳುವಾಗ ಈತನಿಗೆ ಸಿಟ್ಟು ಬಂದುಬಿಟ್ಟಿದೆ. ವಿಹುವೇಲ ದೊಡ್ಡವರ ಮನೆಯ ವಾದ್ಯ. ಒಂದೊಂದೇ ತಂತಿಯನ್ನು ಬಿಡಿಸಿ ಮೀಟುವಂಥದು. ಗಿಟಾರು ಬಂದ ಮೇಲೆ ಅದನ್ನು ಕೇಳುವವರಿಲ್ಲವಾಯಿತು. ಗಿಟಾರಾದರೋ ದನದ ಕೊರಳ ಗಂಟೆಗಿಂತ ಮೇಲಿನದಲ್ಲ. ಅದರಲ್ಲಿಯೂ ತಂತಿಗಳನ್ನು ಒಟ್ಟಿಗೆ ಗೀರುವುದು ಎಷ್ಟು ಸುಲಭವೆಂದರೆ ಕುದುರೆ ಲಾಯದ ಆಳುಗಳೆಲ್ಲ ವಾದಕರಾಗಿದ್ದಾರೆ—ಇದು ಅವನ ಗೋಳಿನ ಸಾರ.

ಲಾಯದ ಆಳುಗಳಿಗೆ ಸುಲಭವಾದ ಆ ಗೀರುವಿಕೆಯೇ ಇಂದು ಫ್ಲಮೆಂಕೊ ಗಿಟಾರನ್ನು ಹಿಡಿದವನಿಗೆ ಹೇಳಿಕೊಡುವ ಮೊದಲ ಪಾಠಗಳಲ್ಲೊಂದು. ಇದಕ್ಕೆ 'ರಸ್ಗೆಯಾದೊ' ಎಂದು ಹೆಸರು. ಬೆರಳುಗಳನ್ನು ಅಂಗೈಯೊಳಕ್ಕೆ ಮಡಿಸಿ, ಕಿರುಬೆರಳಿನಿಂದ ಹಿಡಿದು ತೋರುಬೆರಳಿನವರೆಗೆ ಒಂದರ ಹಿಂದೊಂದರಂತೆ ಹೊರಕ್ಕೆ ಚಿಮ್ಮಿಸಬೇಕು. ಉಗುರಿನ ಬೆನ್ನು ತಂತಿಗಳ ಮೇಲೆ ಹಾಯಬೇಕು. ನಾಲ್ಕು ಹೊಡೆತಗಳ ನಡುವಣ ಬಿಡುವು ಕೂದಲೆಳೆಯಷ್ಟೂ ವ್ಯತ್ಯಾಸವಾಗಬಾರದು. ನಾನು ಈ ವಾದ್ಯವನ್ನು ಹಿಡಿದದ್ದು ನಲವತ್ತು ದಾಟಿದ ಮೇಲೆ. ಉಂಗುರದ ಬೆರಳಿಗೆ ಸ್ವತಂತ್ರ ಬುದ್ಧಿಯೆಂಬುದೇ ಇಲ್ಲವೆಂದು ಮೊದಲ ವಾರದಲ್ಲಿಯೇ ತಿಳಿಯಿತು. ನಡುಬೆರಳು ಹೋದ ಕಡೆಗೆ ಅದೂ ಹೋಗುತ್ತದೆ. ಕೊವರ್ರೂಬಿಯಾಸನ ಕಾಲದ ಗೀರುವಿಕೆ ಇಷ್ಟು ನಾಜೂಕಿನದಾಗಿರಲಿಲ್ಲ, ನಿಜ. ಆದರೂ ಆ ಆಳುಗಳ ಮೇಲೆ ನನಗೆ ಗೌರವ ಹುಟ್ಟಿದೆ.

ಕಲಿಯುವವರಿಗಾಗಿ ಪುಸ್ತಕ ಬರೆಯುವ ಪದ್ಧತಿಯೂ ಹಳೆಯದೇ. ಕತಲೋನಿಯದ ಹುವಾನ್ ಕಾರ್ಲೋಸ್ ಅಮಾತ್ ಎಂಬ ವೈದ್ಯ 1596ರಲ್ಲಿ ಐದು ಜೋಡಿ ತಂತಿಗಳ ಗಿಟಾರಿಗಾಗಿ ಚಿಕ್ಕದೊಂದು ಕೈಪಿಡಿಯನ್ನು ಬರೆದ. ಸ್ವರಮೇಳಗಳನ್ನು ಹನ್ನೆರಡು ಹನ್ನೆರಡರ ಎರಡು ಪಂಗಡ ಮಾಡಿ, ಅವುಗಳಿಗೆ ಅಂಕಿಗಳನ್ನು ಕೊಟ್ಟು, ಚಕ್ರದಂತೆ ಜೋಡಿಸಿಟ್ಟ. ಸ್ವರಲಿಪಿ ತಿಳಿಯದವನೂ ಅಂಕಿ ನೋಡಿ ಬೆರಳಿಡಬಹುದು. ಸುಮಾರು ಇನ್ನೂರು ವರ್ಷಗಳ ಕಾಲ ಅದು ಮತ್ತೆ ಮತ್ತೆ ಅಚ್ಚಾಯಿತು. ಪಂಡಿತರ ತಿರಸ್ಕಾರಕ್ಕೂ ಜನರ ಬೇಡಿಕೆಗೂ ಇರುವ ಸಂಬಂಧ ಎಲ್ಲ ದೇಶಗಳಲ್ಲಿಯೂ ಒಂದೇ.

ಇಲ್ಲಿ ನಮ್ಮವರು ಮೆಚ್ಚಿಕೊಂಡಿರುವ ಒಂದು ಮಾತನ್ನು ಎತ್ತಿಕೊಳ್ಳಬೇಕು. ಫ್ಲಮೆಂಕೊ ಸಂಗೀತ ಭಾರತದಿಂದ ಹೋದದ್ದು, ಜಿಪ್ಸಿಗಳು ಅದನ್ನು ಹೊತ್ತೊಯ್ದರು ಎಂದು ಸಭೆಗಳಲ್ಲಿ ಹೇಳುವುದುಂಟು. ಜಿಪ್ಸಿಗಳ ಪೂರ್ವಿಕರು ಭಾರತದ ಉತ್ತರ ಭಾಗದಿಂದ ಹೊರಟವರೆಂಬುದಕ್ಕೆ ಅವರ ಭಾಷೆಯೇ ಸಾಕ್ಷಿ. ಸ್ಪೇನಿನ ಜಿಪ್ಸಿಗಳ ಮಾತಿನಲ್ಲಿ ನೀರಿಗೆ 'ಪಾನಿ'ಯನ್ನು ಹೋಲುವ ಶಬ್ದ ಇಂದಿಗೂ ಇದೆ. 1425ರಲ್ಲಿ ಅರಗಾನಿನ ದೊರೆ ಐದನೆಯ ಅಲ್ಫಾನ್ಸೊ ಅವರ ನಾಯಕನೊಬ್ಬನಿಗೆ ರಹದಾರಿ ಕೊಟ್ಟದ್ದು ದಾಖಲೆಯಾಗಿದೆ. ಆದರೆ ಭಾಷೆ ಬಂದ ದಾರಿಯಲ್ಲಿಯೇ ಸಂಗೀತವೂ ಇಡಿಯಾಗಿ ಬಂತೆನ್ನುವುದು ಆತುರದ ಮಾತು. ಹಾಗಿದ್ದರೆ ಅವರು ನೆಲೆಸಿದ ಹಂಗೇರಿಯಲ್ಲಿ, ರುಮೇನಿಯದಲ್ಲಿ ಈ ಸಂಗೀತ ಏಕೆ ಇಲ್ಲ? ಅದು ಹುಟ್ಟಿದ್ದು ಸ್ಪೇನಿನ ತೆಂಕಣ ಸೀಮೆಯಾದ ಆಂಡಲೂಸಿಯದಲ್ಲಿ. ಆ ನಾಡಿನ ಹಳೆಯ ಹಾಡುಗಳೂ ಜಿಪ್ಸಿಗಳ ಕಂಠವೂ ಕೂಡಿದಲ್ಲಿ. ವಂಶದ ಹೆಮ್ಮೆಯನ್ನು ಬದಿಗಿಟ್ಟು ನೋಡುವುದೇ ಲೇಸು.

ಆ ಕಂಠ ಹಾದುಬಂದ ಕಾಲ ಮಾತ್ರ ಘೋರವಾದದ್ದು. 1499ರಿಂದ ಒಂದಾದ ಮೇಲೊಂದು ಕಟ್ಟಳೆಗಳು ಅವರ ಅಲೆದಾಟವನ್ನೂ ಉಡುಪನ್ನೂ ಭಾಷೆಯನ್ನೂ ನಿಷೇಧಿಸುತ್ತ ಬಂದವು. 1749ರ ಜುಲೈ ಕೊನೆಯಲ್ಲಿ ದೊರೆ ಆರನೆಯ ಫರ್ಡಿನೆಂಡನ ಅಪ್ಪಣೆಯಂತೆ ಸಾವಿರಾರು ಜನರನ್ನು ಹಿಡಿದು, ಗಂಡಸರನ್ನು ನೌಕಾ ಕಾರ್ಖಾನೆಗಳ ದುಡಿಮೆಗೂ ಹೆಂಗಸರು ಮಕ್ಕಳನ್ನು ಬೇರೆಡೆಯ ಸೆರೆಗೂ ದೂಡಿದರು. 1783ರಲ್ಲಿ ಮೂರನೆಯ ಚಾರ್ಲ್ಸ್ ಅವರಿಗೆ ಉಳಿದ ಪ್ರಜೆಗಳ ಸ್ಥಾನವನ್ನು ಕೊಟ್ಟನಾದರೂ ಭಾಷೆಯ ಮೇಲಿನ ನಿಷೇಧವನ್ನು ಬಿಡಲಿಲ್ಲ. ಇಂಥ ಜನರ ವಿದ್ಯೆ ಓಲೆಯಿಂದ ಓಲೆಗೆ ಬರಲಾರದು. ಬಾಯಿಂದ ಕಿವಿಗೆ, ತಂದೆಯಿಂದ ಮಗನಿಗೆ ಬರಬೇಕು.

ಮೊದಲಿಗೆ ಹಾಡು, ಅದಕ್ಕೆ ಚಪ್ಪಾಳೆಯ ಆಸರೆ. ಗಿಟಾರು ಅದರ ಪಕ್ಕದಲ್ಲಿ ಗಟ್ಟಿಯಾಗಿ ಕುಳಿತದ್ದು ಹತ್ತೊಂಬತ್ತನೆಯ ಶತಮಾನದಲ್ಲಿ, ಹಾಡಿನ ಕಾಫಿಗೃಹಗಳು ಎದ್ದ ಮೇಲೆ. ಸಿಲ್ವೇರಿಯೊ ಫ್ರಾಂಕೊನೆತ್ತಿ ಎಂಬ ಪ್ರಸಿದ್ಧ ಗಾಯಕ 1881ರಲ್ಲಿ ಸೆವಿಲ್ ನಗರದಲ್ಲಿ ತನ್ನದೇ ಗೃಹವನ್ನು ತೆರೆದ. ಮದ್ಯದ ಗದ್ದಲ, ಹಲಗೆಯ ಮೇಲೆ ನರ್ತಕಿಯ ಹಿಮ್ಮಡಿಯ ಹೊಡೆತ—ಇವುಗಳ ನಡುವೆ ಆರು ತಂತಿಗಳ ಮೆಲುದನಿ ಕೇಳಿಸಬೇಕು. ಫ್ಲಮೆಂಕೊ ಕೈಚಳಕಗಳ ಮೂಲವನ್ನು ನಾನು ಈ ಗದ್ದಲದಲ್ಲಿ ಕಾಣುತ್ತೇನೆ. ಹೆಬ್ಬೆರಳಿನ ಉಗುರನ್ನು ಮೇಲಕ್ಕೂ ಕೆಳಕ್ಕೂ ಕಡ್ಡಿಯಂತೆ ಆಡಿಸುವ 'ಅಲ್ಸಪೂವ'. ತೋರುಬೆರಳು ನಡುಬೆರಳುಗಳು ಹೆಜ್ಜೆಯಿಟ್ಟಂತೆ ಸರದಿಯಾಗಿ ತಂತಿಯನ್ನು ಮೀಟಿ ಪಕ್ಕದ ತಂತಿಯ ಮೇಲೆ ಊರುವ 'ಪಿಕಾದೊ'. ವಾದ್ಯದ ಹಲಗೆಯನ್ನೇ ಉಗುರಿನಿಂದ ತಟ್ಟುವ 'ಗೋಲ್ಪೆ'. ಈ ತಟ್ಟಿಗೆ ಮರ ಸವೆಯದಿರಲೆಂದು ಗಿಟಾರಿನ ಎದೆಯ ಮೇಲೆ ತೆಳುವಾದ ತಗಡೊಂದನ್ನು ಅಂಟಿಸಿರುತ್ತಾರೆ. ಗಾಯಕನ ಶ್ರುತಿಗೆ ತಕ್ಕಂತೆ ಏರಿಸಲು ಕುತ್ತಿಗೆಗೆ ಬಿಗಿಯುವ ಪಟ್ಟಿಯೂ ಉಂಟು. ಎಲ್ಲವೂ ಹಾಡು ಕುಣಿತಗಳ ಊಳಿಗಕ್ಕಾಗಿ.

ಆದ್ದರಿಂದಲೇ ಹೊಸಬನಿಗೆ ಬೆರಳಿಗಿಂತ ಮೊದಲು ಎಣಿಕೆ ಬರಬೇಕು. 'ಸೊಲೆಯಾ' ಎಂಬ ಗಂಭೀರ ರೂಪದಲ್ಲಿ ಆವರ್ತಕ್ಕೆ ಹನ್ನೆರಡು ಎಣಿಕೆ. ಒತ್ತು ಬೀಳುವುದು 3, 6, 8, 10, 12ರ ಮೇಲೆ. ಕೈಯಲ್ಲಿ ತಾಳ ಹಾಕಿ ಬೆಳೆದ ನಮಗೆ ಹನ್ನೆರಡೇನೂ ಹೆದರಿಕೆಯ ಸಂಖ್ಯೆಯಲ್ಲ. ತೊಡಕಿರುವುದು ಬೇರೆ ಕಡೆ. ನಮ್ಮಲ್ಲಿ ಆವರ್ತದ ಮೊದಲ ಎಣಿಕೆಯೇ ಸಮ. ಅಲ್ಲಿ 'ಒಂದು' ಬಡವಾಗಿ ಹೋಗುತ್ತದೆ, 'ಹನ್ನೆರಡು' ಗುಡುಗುತ್ತದೆ. ಅದೇ ಆವರ್ತವನ್ನು ಎಂಟನೆಯ ಎಣಿಕೆಯಿಂದ ಆರಂಭಿಸಿದರೆ ಎರಡು, ಎರಡು, ಮೂರು, ಮೂರು, ಎರಡು ಎಂದು ಮುರಿದು ಶೋಕದ ಹಾಡಾದ 'ಸೆಗಿರಿಯ' ಆಗುತ್ತದೆ. ಒಂದೇ ಗಡಿಯಾರ, ಬೇರೆ ಗಂಟೆಗೆ ಎದ್ದವನ ದಿನವೇ ಬೇರೆ.

ಬಾಯಿಪಾಠದ ಈ ವಿದ್ಯೆಯನ್ನು ರಫಾಯೆಲ್ ಮರೀನ್ ಎಂಬಾತ 1902ರಲ್ಲಿ ಸ್ವರಲಿಪಿ, ಅಂಕಿ ಎರಡರಲ್ಲಿಯೂ ಬರೆದು ಪುಸ್ತಕ ಮಾಡಿದ. ಫ್ಲಮೆಂಕೊ ಗಿಟಾರಿಗೆ ಅದು ಮೊದಲ ಬೋಧಗ್ರಂಥ. ಅದರಿಂದ ವಿದ್ಯೆ ಕಾಗದಕ್ಕೆ ಇಳಿದುಬಿಟ್ಟಿತೆಂದಲ್ಲ. ಜಿಪ್ಸಿ ಕುಲದ ರಮೋನ್ ಮೊಂಟೋಯಾ ಗಾಯಕರ ಪಕ್ಕದಲ್ಲಿ ಕುಳಿತೇ ಗಿಟಾರಿನ ಭಾಷೆಯನ್ನು ಬೆಳೆಸಿದ. 1936ರಲ್ಲಿ ಪ್ಯಾರಿಸ್ಸಿನಲ್ಲಿ, ಹಾಡಿನ ಹಂಗಿಲ್ಲದೆ ಗಿಟಾರೊಂದನ್ನೇ ನುಡಿಸಿ ಧ್ವನಿಮುದ್ರಿಕೆಗಳನ್ನು ಕೊಟ್ಟ. ಮುಂದಿನವರು ಆ ತಟ್ಟೆಗಳನ್ನು ಕೇಳಿ ಕಲಿತರು. ಗುರುವಿನ ಬಾಯಿ ಹೋಗಿ ತಟ್ಟೆಯ ಬಾಯಿ ಬಂತು. ಕಿವಿ ಮಾತ್ರ ಹಾಗೆಯೇ ಉಳಿಯಿತು.

1947ರಲ್ಲಿ ಆಲ್ಹೆಸೀರಾಸ್ ಎಂಬ ಬಂದರೂರಿನ ಬಡ ಮನೆಯಲ್ಲಿ ಹುಟ್ಟಿದ ಪಾಕೊ ದೆ ಲೂಸಿಯಾನ ಕಥೆಯೂ ಇದೇ. ತಂದೆ ಎಳೆವಯಸ್ಸಿನಲ್ಲಿಯೇ ಶಾಲೆ ಬಿಡಿಸಿ ಗಿಟಾರಿನ ಮುಂದೆ ಕೂರಿಸಿದ. ಅಣ್ಣ ರಮೋನ್, ನಿನ್ಯೊ ರಿಕಾರ್ದೊ ಎಂಬ ಹೆಸರಾಂತ ವಾದಕನ ಕಟ್ಟುಗಳನ್ನು ಹೇಳಿಕೊಟ್ಟ. ತಮ್ಮ ಅವನ್ನು ಕಲಿತು ನುಡಿಸುತ್ತಿದ್ದ. ಮುಂದೆ ಅಮೆರಿಕದ ಪ್ರವಾಸದಲ್ಲಿ ಹಿರಿಯ ವಾದಕ ಸಬೀಕಾಸ್ ಹುಡುಗನನ್ನು ಕೇಳಿ, ಗಿಟಾರಿನವನು ತನ್ನ ಸಂಗೀತವನ್ನು ತಾನೇ ಕಟ್ಟಬೇಕೆಂದು ಬುದ್ಧಿ ಹೇಳಿದನಂತೆ. ಪರರ ಪದ್ಯ ಒಪ್ಪಿಸುವ ಜಾಣ ಹುಡುಗರನ್ನು ವರ್ಷವರ್ಷವೂ ಕಾಣುವ ನನಗೆ ಈ ಪ್ರಸಂಗದಲ್ಲಿ ಸಬೀಕಾಸನೇ ಹೆಚ್ಚು ಪ್ರಿಯ.

ಪಾಕೊ ಸ್ವರಲಿಪಿಯನ್ನು ಓದಲು ಕಲಿತವನಲ್ಲ. 1991ರಲ್ಲಿ ಹೊವಾಕಿನ್ ರೊದ್ರೀಗೊನ 'ಅರಾನ್ಹುವೆಸ್' ಕೃತಿಯನ್ನು ವಾದ್ಯವೃಂದದೊಡನೆ ನುಡಿಸಬೇಕಾಗಿ ಬಂದಾಗ ಒಂದೊಂದು ಸ್ವರವನ್ನೂ ಪ್ರಯಾಸದಿಂದ ಬಿಡಿಸಿಕೊಂಡು ಕಲಿತ. ಶಾಸ್ತ್ರೀಯರು ಅವನ ನಾದ ಒರಟೆಂದರು; ಶಾಸ್ತ್ರೀಯ ವಾದಕರು ಲಯವನ್ನು ಸಡಿಲ ಬಿಡುತ್ತಾರೆಂದು ಅವನು ಹೇಳಿದ. ಎಂಬತ್ತೊಂಬತ್ತು ವರ್ಷದ ರೊದ್ರೀಗೊ ಆಗ ಎದುರಿಗೇ ಕುಳಿತು ಕೇಳುತ್ತಿದ್ದ. ಮೂರನೆಯ ವಯಸ್ಸಿನಲ್ಲಿ ಕಣ್ಣು ಕಳೆದುಕೊಂಡ ಆತ ಆ ಕೃತಿಯನ್ನು ಬರೆದದ್ದು ಬ್ರೈಲ್ ಲಿಪಿಯಲ್ಲಿ, ಬೆರಳತುದಿಯಿಂದ.