ಬೆಂಚಿನ ಮೇಲೆ ಉಳಿದ ಟೋಪಿ: ಅರ್ನ್ಸ್ಟ್ ಹಾಪೆಲ್ ಕಥೆ

ಇವತ್ತಿನ ಎಪಿಸೋಡನ್ನ ಒಂದು ಲೆಕ್ಕದಿಂದ ಶುರು ಮಾಡ್ತೀನಿ. ಒಬ್ಬ ಫುಟ್‌ಬಾಲ್ ಕೋಚ್ ಇದ್ದರು. ಯುರೋಪಿಯನ್ ಕಪ್, ಯುಇಎಫ್‌ಎ ಕಪ್, ವಿಶ್ವಕಪ್ ಮೂರನ್ನೂ ಸೇರಿಸಿದರೆ ಅವರ ತಂಡಗಳು ಆರು ಫೈನಲ್ ತಲುಪಿದವು. ಗೆದ್ದಿದ್ದು ಎರಡು, ಸೋತಿದ್ದು ನಾಲ್ಕು. ನಾನು ಓದಿದ್ದು ಕಾಮರ್ಸ್. ಈ ಅಂಕಿ ಮಾತ್ರ ಕೊಟ್ಟಿದ್ದರೆ "ಲಾಭಕ್ಕಿಂತ ನಷ್ಟವೇ ಜಾಸ್ತಿ" ಅಂತ ಬರೆದು ಲೆಕ್ಕದ ಪುಸ್ತಕ ಮುಚ್ಚಿಬಿಡ್ತಿದ್ದೆ. ಆದರೆ ಆಸ್ಟ್ರಿಯಾದ ಅತಿ ದೊಡ್ಡ ಸ್ಟೇಡಿಯಂಗೆ ಇವತ್ತು ಇರೋದು ಇವರದ್ದೇ ಹೆಸರು. ಅರ್ನ್ಸ್ಟ್ ಹಾಪೆಲ್. ಸೋಲೇ ಹೆಚ್ಚಿರೋ ಈ ಖಾತೆಗೆ ಅಷ್ಟೊಂದು ಗೌರವ ಯಾಕೆ? ಬನ್ನಿ, ನೋಡೋಣ.

ಹಾಪೆಲ್ ಹುಟ್ಟಿದ್ದು 1925ರ ನವೆಂಬರ್ 29ರಂದು, ವಿಯೆನ್ನಾದಲ್ಲಿ. 1938ರಲ್ಲಿ ಹಿಟ್ಲರ್‌ನ ಜರ್ಮನಿ ಆಸ್ಟ್ರಿಯಾವನ್ನು ನುಂಗಿಹಾಕಿತು. ಆಸ್ಟ್ರಿಯಾ ಅನ್ನೋ ದೇಶವೇ ಭೂಪಟದಲ್ಲಿ ಇಲ್ಲದ ಆ ಕಾಲದಲ್ಲಿ, 1942ರಲ್ಲಿ, ಈ ಹುಡುಗ ರಾಪಿಡ್ ವಿಯೆನ್ನಾ ಕ್ಲಬ್‌ನ ಸೀನಿಯರ್ ತಂಡ ಸೇರಿದ. ಯುದ್ಧ ಮುಗಿದ ಮೇಲೆ ದೇಶ ಮತ್ತೆ ಹುಟ್ಟಿತು. ಆ ಹೊಸ ಆಸ್ಟ್ರಿಯಾ ಪರ ಹಾಪೆಲ್ 51 ಪಂದ್ಯ ಆಡಿದರು.

ಅವರು ಡಿಫೆಂಡರ್. ಆದರೆ ಗುದ್ದಾಡಿ, ಬಿದ್ದು ಎದ್ದು ಚೆಂಡು ಕಿತ್ತುಕೊಳ್ಳೋ ಜಾತಿಯವರಲ್ಲ. ಚೆಂಡು ಎಲ್ಲಿಗೆ ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ಅಲ್ಲಿ ಹೋಗಿ ನಿಂತಿರೋರು. ನಿಲ್ಲಿಸಿದ ಚೆಂಡನ್ನು ಹೊಡೆಯೋದ್ರಲ್ಲೂ ಪಳಗಿದ ಕಾಲು.

ಆ ಕಾಲಿನ ತಾಕತ್ತನ್ನು ರಿಯಲ್ ಮ್ಯಾಡ್ರಿಡ್ ನೋಡಿದ್ದು 1956ರ ನವೆಂಬರ್ 14ರಂದು. ಈ ತಾರೀಖನ್ನ ನೆನಪಿಟ್ಟುಕೊಳ್ಳಿ. ಯುರೋಪಿಯನ್ ಕಪ್ ಅಂದ್ರೆ ಈಗ ನೀವು ಮಧ್ಯರಾತ್ರಿ ಅಲಾರಂ ಇಟ್ಟು ನೋಡೋ ಚಾಂಪಿಯನ್ಸ್ ಲೀಗ್‌ನ ಹಳೇ ರೂಪ. ಮೊದಲ ಪಂದ್ಯವನ್ನು ಮ್ಯಾಡ್ರಿಡ್ ತನ್ನ ಊರಲ್ಲಿ 4-2 ಗೆದ್ದಿತ್ತು. ವಿಯೆನ್ನಾದಲ್ಲಿ ನಡೆದ ಎರಡನೇ ಪಂದ್ಯದಲ್ಲಿ ರಾಪಿಡ್ 3-1 ಗೆಲುವು. ಮೂರೂ ಗೋಲು ಹಾಪೆಲ್‌ದೇ! ಡಿ ಸ್ಟೆಫಾನೋ ಇದ್ದ ತಂಡದ ಮೇಲೆ ಒಬ್ಬ ಡಿಫೆಂಡರ್ ಹ್ಯಾಟ್ರಿಕ್ ಹೊಡೆದ.

ಒಟ್ಟು 5-5. ಎದುರಾಳಿಯ ಊರಲ್ಲಿ ಹೊಡೆದ ಗೋಲಿಗೆ ಹೆಚ್ಚು ಬೆಲೆ ಕೊಡೋ 'ಅವೇ ಗೋಲ್' ನಿಯಮ ಇದ್ದಿದ್ದರೆ ರಾಪಿಡ್ ಅಲ್ಲೇ ಮುಂದಿನ ಸುತ್ತಿಗೆ ಹೋಗ್ತಿತ್ತು. ಆದರೆ ಆ ನಿಯಮ ಇನ್ನೂ ಬಂದಿರಲಿಲ್ಲ. ಮೂರನೇ ಪಂದ್ಯ ಆಡಿಸಿದರು, ಅದೂ ಮ್ಯಾಡ್ರಿಡ್‌ನಲ್ಲೇ. ರಾಪಿಡ್ 2-0 ಸೋತು ಮನೆಗೆ ಹೋಯಿತು. ಮ್ಯಾಡ್ರಿಡ್ ಆ ವರ್ಷವೂ ಕಪ್ ಎತ್ತಿತು.

ಹಾಪೆಲ್ ಜೀವನದಲ್ಲಿ ಇದೇ ಥರದ್ದು ಮತ್ತೆ ಮತ್ತೆ ಬರುತ್ತೆ. ಕೈಯಲ್ಲಿರೋದನ್ನೆಲ್ಲ ಸರಿಯಾಗಿ ಮಾಡಿದರೂ, ಕೈಯಲ್ಲಿಲ್ಲದ ಯಾವುದೋ ಒಂದು ಬಂದು ಫಲಿತಾಂಶ ತಿರುಗಿಸಿಬಿಡೋದು.

ಆಟಗಾರನಾಗಿ ಅವರು ಎರಡು ವಿಶ್ವಕಪ್ ಆಡಿದರು. 1954ರಲ್ಲಿ ಆಸ್ಟ್ರಿಯಾ ಕ್ವಾರ್ಟರ್ ಫೈನಲ್‌ನಲ್ಲಿ ಸ್ವಿಟ್ಜರ್ಲೆಂಡನ್ನು 7-5ರಿಂದ ಸೋಲಿಸಿತು. ಹೌದು, ಸರಿಯಾಗೇ ಕೇಳಿಸಿಕೊಂಡ್ರಿ, ಒಂದೇ ಪಂದ್ಯದಲ್ಲಿ 12 ಗೋಲು. ಸೆಮಿಫೈನಲ್‌ನಲ್ಲಿ ಪಶ್ಚಿಮ ಜರ್ಮನಿ ಎದುರು 6-1 ಸೋಲು. ಕೊನೆಗೆ ಮೂರನೇ ಸ್ಥಾನ. ವಿಯೆನ್ನಾದ ಆಟ ನೋಡೋಕೆ ಚೆಂದ, ಆದರೆ ಓಟದ ತಂಡ ಬಂದರೆ ಚೆಂದ ಮಾತ್ರ ಸಾಕಾಗಲ್ಲ. 1958ರಲ್ಲಿ ಆಸ್ಟ್ರಿಯಾದ ಮೊದಲ ಪಂದ್ಯವೇ ಬ್ರೆಜಿಲ್ ಮೇಲೆ, 3-0 ಸೋಲು. ಆ ಬ್ರೆಜಿಲ್‌ನ ಡಿಫೆಂಡರ್‌ಗಳು ಎದುರಾಳಿಯ ಬೆನ್ನು ಹಿಡಿದು ಓಡ್ತಿರಲಿಲ್ಲ. ತಮ್ಮ ತಮ್ಮ ಜಾಗ ಕಾಯ್ತಿದ್ದರು. ಹಾಪೆಲ್ ಕೋಚ್ ಆದಮೇಲೆ ಮಾಡಿದ್ದನ್ನು ನೋಡಿದರೆ, ಈ ಎರಡು ಸೋಲುಗಳ ಪಾಠ ಅದರಲ್ಲಿ ಇದೆ ಅಂತ ನನಗನ್ನಿಸುತ್ತೆ.

1962ರಲ್ಲಿ ಅವರು ನೆದರ್ಲೆಂಡ್ಸ್‌ನ ಹೇಗ್ ನಗರದ ಎಡಿಒ ಕ್ಲಬ್‌ಗೆ ಕೋಚ್ ಆಗಿ ಹೋದರು. ದೊಡ್ಡ ಹೆಸರಿನ ತಂಡವೇನಲ್ಲ. ಏಳು ವರ್ಷ ಅಲ್ಲೇ ತಳವೂರಿ ಕೆಲಸ ಮಾಡಿದರು. 1968ರಲ್ಲಿ ಅದೇ ತಂಡ ಅಯಾಕ್ಸ್‌ನ 2-1ರಿಂದ ಸೋಲಿಸಿ ಡಚ್ ಕಪ್ ಗೆದ್ದಿತು.

ಅವರ ಪದ್ಧತಿ ಏನು? ಇದನ್ನ ಕಬಡ್ಡಿ ಮೂಲಕ ಹೇಳಿದರೆ ಬೇಗ ಅರ್ಥ ಆಗುತ್ತೆ. ರೈಡರ್ ಒಳಗೆ ಬಂದಾಗ ಒಳ್ಳೇ ತಂಡ ಅವನ ಹಿಂದೆ ಓಡಲ್ಲ. ಕೈ ಕೈ ಹಿಡಿದು ಚೈನ್ ಮಾಡಿ ಅವನಿಗೆ ಇರೋ ಜಾಗವನ್ನೇ ಕಮ್ಮಿ ಮಾಡುತ್ತೆ. ಹಾಪೆಲ್ ಫುಟ್‌ಬಾಲ್ ಮೈದಾನದಲ್ಲಿ ಮಾಡಿದ್ದೂ ಅದನ್ನೇ. ಚೆಂಡು ಕಳೆದುಕೊಂಡ ಕೂಡಲೇ ಹಿಂದಕ್ಕೆ ಓಡಬೇಡಿ, ಮುಂದಕ್ಕೆ ನುಗ್ಗಿ ಅಲ್ಲೇ ಒತ್ತಡ ಹಾಕಿ. ಹಿಂದಿನ ಸಾಲಿನವರೂ ಮೇಲೆ ಬನ್ನಿ. ಆಗ ಎದುರಾಳಿಗೆ ಮುಂದೆ ಹೋದರೆ ಆಫ್‌ಸೈಡ್, ನಿಂತರೆ ಉಸಿರಾಡೋಕೆ ಜಾಗ ಇಲ್ಲ. ಇವತ್ತು ಕಾಮೆಂಟ್ರಿಯಲ್ಲಿ ದಿನಾ ಕೇಳೋ 'ಪ್ರೆಸ್ಸಿಂಗ್', 'ಹೈ ಲೈನ್' ಇದೇ. ಇದನ್ನು ಅವರೊಬ್ಬರೇ ಕಂಡುಹಿಡಿದರು ಅಂತಲ್ಲ. ಕೀವ್‌ನಲ್ಲಿ ವಿಕ್ಟರ್ ಮಸ್ಲೋವ್, ಅಯಾಕ್ಸ್‌ನಲ್ಲಿ ರಿನುಸ್ ಮಿಶೆಲ್ಸ್ ಕೂಡ ಅದೇ ಕಾಲಕ್ಕೆ ಅದೇ ದಾರಿಯಲ್ಲಿದ್ದರು. ಆದರೆ ಅದನ್ನು ಇಟ್ಟುಕೊಂಡು ಡಚ್ಚರಿಗೆ ಮೊದಲ ಯುರೋಪಿಯನ್ ಕಪ್ ತಂದುಕೊಟ್ಟಿದ್ದು ಅಯಾಕ್ಸ್ ಅಲ್ಲ, ಹಾಪೆಲ್ ಅವರ ಫೆಯೆನೂರ್ಡ್.

1970ರ ಮೇ 6, ಮಿಲಾನ್. ಎದುರಿಗೆ ಸ್ಕಾಟ್ಲೆಂಡ್‌ನ ಸೆಲ್ಟಿಕ್, ಮೂರು ವರ್ಷದ ಹಿಂದಿನ ಚಾಂಪಿಯನ್. ಮೊದಲ ಗೋಲು ಸೆಲ್ಟಿಕ್‌ದು. ಎರಡೇ ನಿಮಿಷದಲ್ಲಿ ಫೆಯೆನೂರ್ಡ್ ನಾಯಕ ರಿನುಸ್ ಇಸ್ರಾಯಲ್ ಸಮ ಮಾಡಿದರು. ಹೆಚ್ಚುವರಿ ಸಮಯ ಮುಗಿಯೋಕೆ ಮೂರ್ನಾಲ್ಕು ನಿಮಿಷ ಇದ್ದಾಗ ಒವೆ ಷಿಂಡ್ವಾಲ್ ಗೋಲು. 2-1. ಖಾತೆಯಲ್ಲಿ ಮೊದಲ ಗೆಲುವು.

ಆಮೇಲೆ ಸ್ಪೇನ್‌ನ ಸೆವಿಲ್ಲಾ, ಅಲ್ಲಿಂದ ಬೆಲ್ಜಿಯಂನ ಕ್ಲಬ್ ಬ್ರೂಗ್. 1976, 77, 78ರಲ್ಲಿ ಸತತ ಮೂರು ಲೀಗ್ ಪ್ರಶಸ್ತಿ. 1976ರ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಲಿವರ್‌ಪೂಲ್ ಎದುರು ಅವರದೇ ಊರಲ್ಲಿ 2-0 ಮುಂದಿದ್ದು, ಎರಡೂ ಪಂದ್ಯ ಸೇರಿ 4-3ರಿಂದ ಸೋಲು. 1978ರ ಮೇ 10ರಂದು ವೆಂಬ್ಲಿಯಲ್ಲಿ ಯುರೋಪಿಯನ್ ಕಪ್ ಫೈನಲ್. ಮತ್ತೆ ಲಿವರ್‌ಪೂಲ್, ಈ ಸಲ 1-0 ಸೋಲು.

ಸರಿಯಾಗಿ 46 ದಿನ ಬಿಟ್ಟು, ಜೂನ್ 25ರಂದು, ಅವರು ಬ್ಯೂನಸ್ ಐರಿಸ್‌ನಲ್ಲಿ ವಿಶ್ವಕಪ್ ಫೈನಲ್‌ನ ಬೆಂಚಿನ ಮೇಲೆ ಕೂತಿದ್ದರು, ನೆದರ್ಲೆಂಡ್ಸ್ ಕೋಚ್ ಆಗಿ. ಕ್ರೈಫ್ ಇಲ್ಲದ ತಂಡ. ಮಿಲಿಟರಿ ಸರ್ಕಾರದ ಕೈಲಿದ್ದ ಅರ್ಜೆಂಟೀನಾ. ಕಿಕ್ಕಿರಿದ ಸ್ಟೇಡಿಯಂ, ಮೈದಾನದ ತುಂಬ ಕಾಗದದ ಚೂರು. ಸ್ಕೋರ್ 1-1. 90ನೇ ನಿಮಿಷದಲ್ಲಿ ಉದ್ದ ಪಾಸೊಂದರ ಹಿಂದೆ ಓಡಿದ ರಾಬ್ ರೆನ್ಸೆನ್‌ಬ್ರಿಂಕ್ ಗೋಲ್‌ಕೀಪರನ್ನು ದಾಟಿಸಿ ಚೆಂಡು ತಳ್ಳಿದರು. ಚೆಂಡು ಹೋಗಿ ಗೋಲ್ ಕಂಬಕ್ಕೆ ಬಡಿದು ವಾಪಸ್ ಬಂತು. ಒಂಚೂರು ಒಳಗೆ ಹೋಗಿದ್ದರೆ ಹಾಪೆಲ್ ವಿಶ್ವಕಪ್ ಗೆದ್ದ ಕೋಚ್. ಹೆಚ್ಚುವರಿ ಸಮಯದಲ್ಲಿ ಅರ್ಜೆಂಟೀನಾ 3-1ರಿಂದ ಗೆದ್ದಿತು.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಆ ಕಂಬಕ್ಕೆ ಬಡಿದ ಚೆಂಡಿನಿಂದ ಹಾಪೆಲ್ ಕೆಟ್ಟ ಕೋಚ್ ಆದರಾ? ಒಳಗೆ ಹೋಗಿದ್ದರೆ ಅವರು ತಂಡಕ್ಕೆ ಕಲಿಸಿದ್ದು ಬೇರೆಯಾಗ್ತಿತ್ತಾ? ನಮಗೆಲ್ಲ ರಿಸಲ್ಟ್ ನೋಡಿ ಮನುಷ್ಯನ ಬೆಲೆ ಕಟ್ಟೋ ಅಭ್ಯಾಸ. ಮಾರ್ಕ್ಸ್ ಕಾರ್ಡ್ ಇರಲಿ, ಇಂಟರ್‌ವ್ಯೂ ಇರಲಿ, ಕಂಬಕ್ಕೆ ಬಡಿದದ್ದು ಎಷ್ಟು, ತಪ್ಪು ಗುರಿ ಎಷ್ಟು ಅಂತ ಬೇರೆ ಮಾಡಿ ಬರೆಯೋ ಕಾಲಮ್ಮೇ ಇಲ್ಲ.

ಹಾಪೆಲ್ ಇದರ ಬಗ್ಗೆ ಭಾಷಣ ಮಾಡಿದವರಲ್ಲ. ಮಾತು ಕಮ್ಮಿ, ಮುಖ ಗಂಟು, ಬೆರಳಲ್ಲಿ ಸಿಗರೇಟು, ಬಿಡುವಾದರೆ ಇಸ್ಪೀಟು. ಸೋತ ಮೇಲೂ ಪದ್ಧತಿ ಬದಲಿಸಲಿಲ್ಲ.

1981ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಸೇರಿದರು. 1982ರಲ್ಲಿ ಲೀಗ್ ಗೆದ್ದರು. ಅದೇ ವರ್ಷ ಯುಇಎಫ್‌ಎ ಕಪ್ ಫೈನಲ್‌ನಲ್ಲಿ ಸ್ವೀಡನ್‌ನ ಗೋಟೆಬರ್ಗ್ ಎದುರು ಸೋತರು. ಅಲ್ಲಿಗೆ ನಾಲ್ಕನೇ ಸೋಲು. ಆದರೆ ಬುಂಡೆಸ್‌ಲೀಗಾದಲ್ಲಿ ಹ್ಯಾಂಬರ್ಗ್ ಸತತ 36 ಪಂದ್ಯ ಸೋಲಿಲ್ಲದೆ ಸಾಗಿತು. ಆ ದಾಖಲೆಯನ್ನು ಬಯರ್ನ್ ಮ್ಯೂನಿಕ್ ಮುರಿದದ್ದು 2013ರಲ್ಲಿ.

1983ರ ಮೇ 25, ಅಥೆನ್ಸ್, ಯುರೋಪಿಯನ್ ಕಪ್ ಫೈನಲ್. ಎದುರಿಗೆ ಯುವೆಂಟಸ್. ಪ್ಲಾಟಿನಿ, ಬೊನಿಯೆಕ್, ಜೊತೆಗೆ ಹಿಂದಿನ ವರ್ಷ ಇಟಲಿಗೆ ವಿಶ್ವಕಪ್ ಗೆದ್ದುಕೊಟ್ಟ ಆರು ಜನ. ಮೊದಲ ಹತ್ತು ನಿಮಿಷದಲ್ಲೇ ಫೆಲಿಕ್ಸ್ ಮಗಾಥ್ ದೂರದಿಂದ ಹೊಡೆದ ಗೋಲು. ಉಳಿದ ಸಮಯ ಹ್ಯಾಂಬರ್ಗ್ ಪ್ಲಾಟಿನಿಗೆ ತಿರುಗೋಕೂ ಜಾಗ ಕೊಡಲಿಲ್ಲ. 1-0. ಎರಡು ಬೇರೆ ಬೇರೆ ಕ್ಲಬ್ ಜೊತೆ ಯುರೋಪಿಯನ್ ಕಪ್ ಗೆದ್ದ ಮೊದಲ ಕೋಚ್ ಅವರು. ಮೊರಿನ್ಹೊ, ಆಂಚೆಲೊಟ್ಟಿ, ಗ್ವಾರ್ಡಿಯೋಲಾ ಎಲ್ಲ ಆ ಪಟ್ಟಿಗೆ ಸೇರಿದ್ದು ಆಮೇಲೆ.

1987ರಲ್ಲಿ ಅವರು ಆಸ್ಟ್ರಿಯಾಕ್ಕೆ ಮರಳಿ, ಇನ್ಸ್‌ಬ್ರುಕ್‌ನ ಟಿರೋಲ್ ತಂಡಕ್ಕೆ ಎರಡು ಲೀಗ್ ಪ್ರಶಸ್ತಿ ಗೆದ್ದುಕೊಟ್ಟರು. ಆ ಹೊತ್ತಿಗೆ ರಾಷ್ಟ್ರೀಯ ತಂಡದ ಸ್ಥಿತಿ ಹೇಗಿತ್ತು ಅಂದ್ರೆ, 1990ರಲ್ಲಿ ಪುಟ್ಟ ಫ್ಯಾರೋ ದ್ವೀಪಗಳ ಎದುರೂ 1-0 ಸೋತು ನಗೆಪಾಟಲಾಗಿತ್ತು. 1992ರಲ್ಲಿ ಹಾಪೆಲ್ ಕೈಗೆ ಆ ತಂಡ ಬಂತು. ನಾಲ್ಕು ದೇಶಗಳಲ್ಲಿ ಒಟ್ಟು ಎಂಟು ಲೀಗ್ ಪ್ರಶಸ್ತಿ ಗೆದ್ದ ಮೇಲೆ ಸ್ವಂತ ದೇಶದ ಕರೆ. ಅಷ್ಟರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಅವರನ್ನು ಹಿಡಿದಿತ್ತು. ಆದರೂ ಬೆಂಚ್ ಬಿಡಲಿಲ್ಲ. ಅಕ್ಟೋಬರ್ ಕೊನೆಯಲ್ಲಿ ವಿಯೆನ್ನಾದಲ್ಲಿ ಅವರ ತಂಡ ಇಸ್ರೇಲ್‌ನ 5-2ರಿಂದ ಸೋಲಿಸಿತು. ಅದೇ ಅವರ ಕೊನೇ ಪಂದ್ಯ.

ನವೆಂಬರ್ 14ರಂದು ತೀರಿಕೊಂಡರು. ರಿಯಲ್ ಮ್ಯಾಡ್ರಿಡ್ ಮೇಲೆ ಹ್ಯಾಟ್ರಿಕ್ ಹೊಡೆದು ಅಂದಿಗೆ ಸರಿಯಾಗಿ 36 ವರ್ಷ.

ನಾಲ್ಕು ದಿನದ ನಂತರ ಆಸ್ಟ್ರಿಯಾ ನ್ಯೂರೆಂಬರ್ಗ್‌ನಲ್ಲಿ ವಿಶ್ವ ಚಾಂಪಿಯನ್ ಜರ್ಮನಿ ವಿರುದ್ಧ ಆಡಬೇಕಿತ್ತು. ಕೋಚ್ ಕೂರುವ ಬೆಂಚಿನ ಮೇಲೆ ಹಾಪೆಲ್ ಅವರ ಟೋಪಿ ಇಟ್ಟರು. ಪಂದ್ಯ 0-0. ಎರಡು ವರ್ಷದ ಹಿಂದೆ ಫ್ಯಾರೋ ಎದುರು ಸೋತ ತಂಡ ಅವತ್ತು ಜರ್ಮನಿಗೆ ಒಂದು ಗೋಲು ಹೊಡೆಯೋಕೂ ಬಿಡಲಿಲ್ಲ.

ಈಗ ಹೇಳಿ, ಆ 0-0ನ ಯಾವ ಕಾಲಮ್‌ನಲ್ಲಿ ಬರೀತೀರಿ? ಗೆಲುವಲ್ಲ, ಸೋಲಲ್ಲ, ಕಪ್ಪೂ ಸಿಗಲಿಲ್ಲ. ಆದರೆ ಹಾಪೆಲ್ ಖಾತೆಯಲ್ಲಿ ನಾನು ಮೊದಲು ಬರೆಯೋದು ಅದನ್ನೇ.