ಮಿಶ್ರ ಚರ್ಮಕ್ಕೆ ಮನೆಯ ಕ್ರೀಮು: ರಾಯದುರ್ಗ, ಮಡಕಶಿರಾ ಸೀಮೆಯ ದೃಷ್ಟಿಯಿಂದ

ಹಣೆ, ಮೂಗು, ಗದ್ದ ಜಿಡ್ಡುಜಿಡ್ಡು. ಕೆನ್ನೆ ಮಾತ್ರ ಒಣಗಿ ಬಿರಿಯುವಂತಿರುತ್ತದೆ. ಮಿಶ್ರ ಚರ್ಮವೆಂದರೆ ಇದೇ. ಹಣೆ ಮೂಗಿನ ಭಾಗದಲ್ಲಿ ಜಿಡ್ಡಿನ ಗ್ರಂಥಿಗಳು ದಟ್ಟ, ಕೆನ್ನೆಯ ಕಡೆ ವಿರಳ. ರಾಯದುರ್ಗ ಮತ್ತು ಮಡಕಶಿರಾ (ಇದು 2022ರ ಏಪ್ರಿಲ್‌ನಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ) ಮಳೆನೆರಳಿನ ಸೀಮೆ. ಹಳೆಯ ಅನಂತಪುರ ಜಿಲ್ಲೆಯ ವಾರ್ಷಿಕ ಮಳೆ ಸರಾಸರಿ 550 ಮಿ.ಮೀ. ಆಸುಪಾಸು. ಒಣ ಗಾಳಿಯಲ್ಲಿ ಚರ್ಮದ ನೀರು ಬೇಗ ಆರುತ್ತದೆ. ಹಾಗಾಗಿ ಇಲ್ಲಿ ಕೆನ್ನೆಯ ಬಿರುಸಿಗೆ ಮೈಗುಣವನ್ನಷ್ಟೇ ದೂರುವಂತಿಲ್ಲ.

ಲೇಪವನ್ನು ಕಾಲಕ್ಕೆ ತಕ್ಕಂತೆ ಬದಲಿಸುವುದು ಹೊಸ ಮಾತಲ್ಲ. ವಾಗ್ಭಟನ ಅಷ್ಟಾಂಗಹೃದಯದ ಸೂತ್ರಸ್ಥಾನ, 22ನೆಯ ಅಧ್ಯಾಯದಲ್ಲಿ ಆರು ಋತುಗಳಿಗೆ ಆರು ಮುಖಲೇಪಗಳಿವೆ. ಲೇಪ ಒಣಗುವವರೆಗೆ ಬಿಡಬಾರದು, ಒಣಗಿದರೆ ಕಾಂತಿ ಕೆಡುತ್ತದೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ. ಮುಲ್ತಾನಿ ಮಿಟ್ಟಿ ಬಳಿದುಕೊಂಡು ಅದು ಬಿರುಕು ಬಿಡುವತನಕ ಕೂರುವವರು ಇದನ್ನು ಓದಬೇಕು.

ಮನೆಯಲ್ಲಿ ಮಾಡುವ ಕ್ರೀಮಿನ ಮೂಲ ರೂಪ ಎರಡನೆಯ ಶತಮಾನದ ಗ್ಯಾಲೆನ್ ಹೆಸರಿನಲ್ಲಿದೆ: ಜೇನುಮೇಣ, ಎಣ್ಣೆ, ಪನ್ನೀರು. ಸಾಮಾನ್ಯವಾಗಿ ಮೇಣ ಒಂದು ಪಾಲಾದರೆ ಎಣ್ಣೆ ನಾಲ್ಕು ಪಾಲು. ಜಿಡ್ಡು ಜಾಸ್ತಿಯಾಯಿತೆಂದು ಇದಕ್ಕೆ ಇನ್ನಷ್ಟು ನೀರು ಸುರಿಯುವವರಿದ್ದಾರೆ. ಅದು ನಡೆಯುವುದಿಲ್ಲ. ಇಲ್ಲಿ ಎಣ್ಣೆಯೇ ನೀರಿನ ಹನಿಗಳನ್ನು ಸುತ್ತುವರಿದು ಹಿಡಿದಿರುತ್ತದೆ. ಹಿಡಿತ ಮೀರಿದರೆ ಕ್ರೀಮು ಒಡೆದು ನೀರು ಬಿಡುತ್ತದೆ. ಬಿಳಿಗಾರ ಹಾಕಿದರೆ ಮೇಣದ ಆಮ್ಲಗಳೊಡನೆ ಸೇರಿ ಸೋಪಾಗಿ ಕ್ರೀಮನ್ನು ಕೂಡಿಸುತ್ತದೆ ನಿಜ. ಆದರೆ ಯುರೋಪಿನ ನಿಯಮಗಳು ಅದನ್ನು ಸಂತಾನಶಕ್ತಿಗೆ ಹಾನಿಕರವಾದ ವಸ್ತುಗಳ ಸಾಲಿಗೆ ಸೇರಿಸಿವೆ. ಅಡುಗೆಮನೆಯ ಪ್ರಯೋಗಕ್ಕೆ ಬೇಡ.

ಹಾಗಾದರೆ ಬದಲಿಸಬೇಕಾದದ್ದು ಎಣ್ಣೆಯನ್ನು, ಮತ್ತು ಹಚ್ಚುವ ಜಾಗವನ್ನು. ಕೊಬ್ಬರಿ ಎಣ್ಣೆಯ ಅರ್ಧದಷ್ಟು ಲಾರಿಕ್ ಆಮ್ಲ. ಈ ಎಣ್ಣೆ ರಂಧ್ರ ಕಟ್ಟುವವುಗಳ ಪಟ್ಟಿಯಲ್ಲಿ ಮೇಲಿದೆ (ಆ ಪಟ್ಟಿ ಬಹುಪಾಲು ಮೊಲದ ಕಿವಿಯ ಪರೀಕ್ಷೆಯಿಂದ ಬಂದದ್ದು, ಪೂರ್ತಿ ನಂಬಬೇಕಿಲ್ಲ). ಕುಸುಬೆ ಎಣ್ಣೆಯಲ್ಲಿ ಮುಕ್ಕಾಲು ಭಾಗದಷ್ಟು ಲಿನೋಲೆಯಿಕ್ ಆಮ್ಲವಿರುತ್ತದೆ. ಮೊಡವೆಯವರ ಜಿಡ್ಡಿನಲ್ಲಿ ಕೊರತೆಯಾಗುವುದು ಇದೇ. ಈ ಸೀಮೆಯ ಬೆಳೆಯಾದ ಶೇಂಗಾದ ಎಣ್ಣೆ ಇವೆರಡರ ನಡುವೆ ನಿಲ್ಲುತ್ತದೆ. ಆದ್ದರಿಂದ ಕೊಬ್ಬರಿ ಎಣ್ಣೆ ಬಿಟ್ಟು ಕುಸುಬೆ ಹಾಕಿ. ಮುಖ ತೊಳೆದು, ಕೆನ್ನೆ ಒದ್ದೆಯಿರುವಾಗಲೇ ತೆಳುವಾಗಿ ಸವರಿ. ಹಣೆ ಮೂಗಿಗೆ ಈ ಕ್ರೀಮು ಮುಟ್ಟಿಸಲೇಬೇಡಿ. ಬೇಕೆನಿಸಿದರೆ ಲೋಳೆಸರದ ತಿರುಳು ಸಾಕು, ಅದೂ ಹಳದಿ ಹಾಲು ಸೋರಿಹೋದ ಮೇಲೆ. ನಿಂಬೆರಸ, ಸೋಡಾ ಎರಡೂ ಬೇಡ.

ಕುಸುಬೆ ಎಣ್ಣೆ ಬೇಗ ಕಮಟುತ್ತದೆ, ಪನ್ನೀರು ಸೇರಿದ್ದರೆ ಬೂಷ್ಟಿನ ಭಯವೂ ಇದೆ. ವಾರಕ್ಕಾಗುವಷ್ಟೇ ಮಾಡಿ ಫ್ರಿಜ್ಜಿನಲ್ಲಿಟ್ಟು, ಒಣ ಚಮಚದಿಂದ ತೆಗೆಯಬೇಕು. ಮೊದಲು ಮೊಳಕೈಯ ಒಳಬದಿಗೆ ದಿನಕ್ಕೆ ಎರಡು ಸಲ, ಕೆಲವು ದಿನ ಹಚ್ಚಿ ನೋಡಿ. ಶೇಂಗಾ ಅಲರ್ಜಿ ಇರುವವರು ಗಾಣದ ಶೇಂಗಾ ಎಣ್ಣೆಯನ್ನು ಮುಟ್ಟಬಾರದು.