ಲಿಂಗಾಂಬುಧಿಯ ಕಲ್ಲಿಗೆ ಅಂಟಿದ ಲೋಳೆ
ಮೈಸೂರಿನ ದಟ್ಟಗಳ್ಳಿಗೆ ಸಮೀಪದ ಲಿಂಗಾಂಬುಧಿ ಕೆರೆಯನ್ನು ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿ ಲಿಂಗಾಜಮ್ಮಣ್ಣಿಯವರ ನೆನಪಿಗಾಗಿ ಕಟ್ಟಿಸಿದರು. ಆದರೆ ಕೆರೆಯ ಚರಿತ್ರೆಯನ್ನು ಏರಿ, ತೂಬುಗಳಿಗಷ್ಟೇ ಸೀಮಿತಗೊಳಿಸಿದರೆ ನೀರಿನಲ್ಲಿ ನೆನೆದ ಕಲ್ಲಿನ ಮೇಲೆ ಕಾಲು ಜಾರಿಸುವ ಲೋಳೆಯ ಕಥೆ ಬಿಟ್ಟುಹೋಗುತ್ತದೆ. ನೀರಿನಲ್ಲಿ ತೇಲುವ ಬ್ಯಾಕ್ಟೀರಿಯಾಗಳು ಕಲ್ಲಿಗೆ ಮೊದಲು ಸಡಿಲವಾಗಿ, ಆಮೇಲೆ ಬಿಗಿಯಾಗಿ ಅಂಟಿಕೊಂಡು, ಸಕ್ಕರೆಯ ಸರಪಳಿ, ಪ್ರೋಟೀನು, ಡಿಎನ್‌ಎಗಳಿರುವ ಅಂಟನ್ನು ಸ್ರವಿಸಿ ಅದರೊಳಗೆ ಒಟ್ಟಾಗಿ ನೆಲೆಸುತ್ತವೆ. ಪಾಚಿಯೂ ಸೇರಿಕೊಳ್ಳುವ ಈ ವಸತಿಯೇ ಬಯೋಫಿಲ್ಮ್, ಅಂದರೆ ಜೈವಿಕ ಪೊರೆ. ಸೂಕ್ಷ್ಮದರ್ಶಕದಲ್ಲಿ ನೋಡುತ್ತಿದ್ದ ಹಾಲೆಂಡಿನ ಲೇವನ್‌ಹುಕ್ 1683ರಲ್ಲಿಯೇ ಹಲ್ಲಿನ ಕೊಳೆಯಲ್ಲಿ ಇಂಥ ಜೀವಿಗಳನ್ನು ಕಂಡಿದ್ದರೂ, ಅಂಟಿ ಬದುಕುವುದೇ ಅವುಗಳ ಸಾಮಾನ್ಯ ರೀತಿಯೆಂಬ ಅರಿವು ಬಲಗೊಂಡದ್ದು 1978ರಲ್ಲಿ ಸೂಕ್ಷ್ಮಜೀವಿ ವಿಜ್ಞಾನಿ ಕಾಸ್ಟರ್ಟನ್ ಮತ್ತು ಸಂಗಡಿಗರು ಈ ಕುರಿತು ಬರೆದ ಮೇಲೆ. ರೋಗಿಯ ದೇಹಕ್ಕೆ ತೂರಿಸುವ ಕೊಳವೆಯಾದ ಕ್ಯಾಥೆಟರಿನೊಳಗೆ ಔಷಧಿಗೂ ಬಗ್ಗದೆ ಸೋಂಕನ್ನು ಉಳಿಸುವ ಈ ಪೊರೆಯೇ ಕೊಳಚೆ ನೀರಿನ ಶುದ್ಧೀಕರಣ ಘಟಕದಲ್ಲಿ ಕಲ್ಮಶವನ್ನು ತಿಂದು ತೀರಿಸುವುದರಿಂದ, ಸಂಶೋಧಕರು ಅದನ್ನು ಅಳಿಸುವ ಬಗೆಯನ್ನೂ ಬೆಳೆಸುವ ಬಗೆಯನ್ನೂ ಅಷ್ಟೇ ಆಸ್ಥೆಯಿಂದ ಹುಡುಕುತ್ತಾರೆ.